ಅಪ್ಪ ತೆಗೆದು ಅಮ್ಮ ಹಾಕಿ

(1)
ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಅಜ್ಜಿ ಹೆಸರಿನ ಕೊನೆಯಲ್ಲಿರೋ 'ಅಮ್ಮ', 'ಅವ್ವ' ಇಲ್ಲಾ 'ಅಕ್ಕ' ತೆಗೆದು ಅಲ್ಲಿ 'ಅಪ್ಪ' ಹಾಕಿ ನೋಡಿ. ಬಸಮ್ಮ ಬಸಪ್ಪ ಆಗ್ತಾಳೆ. ರುದ್ರಮ್ಮ ರುದ್ರಪ್ಪ, ಹಾಲಮ್ಮ ಹಾಲಪ್ಪ, ಸಿದ್ದಮ್ಮ ಸಿದ್ದಪ್ಪ, ಹನುಮಕ್ಕ ಹನುಮಪ್ಪ. ತ್ಯಾವಣಿಗೆ ಸುತ್ತಮುತ್ತ ಯಾವ ಊರಿಗೆ ಹೋಗಿ ಕೇಳಿದ್ರೂ ಇಂಥ ಜೋಡಿ ಹೆಸರು ಸಿಗ್ತಾವೆ.

ಈಗ ರೀಲ್ಸ್‌ನಲ್ಲಿ 'ಹೆಣ್ಣುಮಗುವಿಗೆ ಗಂಡು ಹೆಸರು, ಹೊಸ ಟ್ರೆಂಡ್' ಅಂತ ಬರ್ತಿದೆಯಲ್ಲ, ಅದನ್ನ ನೋಡಿದಾಗೆಲ್ಲ ನನಗೆ ನಮ್ಮ ಓಣಿಯ ಅಜ್ಜಿಯರು ನೆನಪಾಗ್ತಾರೆ. 'ಬಸವ' ಅನ್ನೋದು ಸಂಸ್ಕೃತದ 'ವೃಷಭ'ದ ತದ್ಭವ. ಅಂದ್ರೆ ಗೂಳಿ. ಅದಕ್ಕಿಂತ ಗಂಡು ಹೆಸರು ಎಲ್ಲಿಂದ ತರ್ತೀರಿ? ಇನ್ನು ಹನುಮಂತ ಬ್ರಹ್ಮಚಾರಿ ದೇವರು, ಆದ್ರೂ ಹನುಮಕ್ಕ, ಹನುಮವ್ವ ಅಂತ ಹೆಣ್ಣುಮಕ್ಕಳಿಗೆ ಹೆಸರಿಡೋಕೆ ನಮ್ಮೋರು ಒಂದು ಕ್ಷಣಾನೂ ಯೋಚನೆ ಮಾಡಲಿಲ್ಲ.

ಯಾಕೆ ಅಂದ್ರೆ ಹೆಸರಿನ ಮೂಲಕ್ಕೆ ಲಿಂಗ ಅಂತ ಒಂದು ಇದೆ ಅನ್ನೋದನ್ನ ಅವರು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮೂಲ ಮನೆದೇವರದ್ದು. ಗಂಡೋ ಹೆಣ್ಣೋ ಅಂತ ಹೇಳೋ ಕೆಲಸ ಹಿಂದೆ ಸೇರಿಸೋ ಸಂಬಂಧದ ಪದದ್ದು. ಅಪ್ಪ, ಅಣ್ಣ, ಅಯ್ಯ ಒಂದು ಕಡೆ. ಅಮ್ಮ, ಅವ್ವ, ಅಕ್ಕ ಇನ್ನೊಂದು ಕಡೆ. ದೇವರು ಒಬ್ಬನೇ, ಮಕ್ಕಳು ಇಬ್ಬರೂ ಹಂಚ್ಕೊಂಡ್ರು.

(2)
ಇದು ಎಷ್ಟು ಹಳೇದು ಅಂತ ಕೇಳಿದ್ರೆ, 12ನೇ ಶತಮಾನದ ಶರಣೆಯರ ಪಟ್ಟಿ ತೆಗೀರಿ. ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮ. ಬಸವಣ್ಣನ ಅಕ್ಕ ನಾಗಮ್ಮ. ಅಮುಗೆ ರಾಯಮ್ಮನ ಹೆಸರಲ್ಲಂತೂ 'ರಾಯ' ಅಂದ್ರೆ ದೊರೆಯೇ ಕೂತಿದ್ದಾನೆ. ನ್ಯಾಮತಿ, ಹೊನ್ನಾಳಿ ದಾಟಿ ಶಿಕಾರಿಪುರ ತಾಲ್ಲೂಕಿಗೆ ಹೋದ್ರೆ ಸಿಗೋ ಉಡುತಡಿಯ ಮಹಾದೇವಿ, 'ಮಹಾದೇವ'ನ ಹೆಸರನ್ನೇ ಇಟ್ಕೊಂಡವಳು. ಅವಳಿಗೆ ಸೇರಿದ್ದು ಅಮ್ಮ ಅಲ್ಲ, ಸಂಸ್ಕೃತದ ಈಕಾರ. ಕೆಲಸ ಮಾತ್ರ ಒಂದೇ.

ನಮ್ಮ ತಾಲ್ಲೂಕಿನ ಹೆಸರನ್ನೇ ತಗೊಳ್ಳಿ. ಚನ್ನಗಿರಿಗೆ ಆ ಹೆಸರು ಬಂದಿದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಅಂತಾರೆ. 'ಚೆನ್ನ' ಅನ್ನೋದು ಬೇಲೂರಿನ ಚೆನ್ನಕೇಶವನಲ್ಲಿದೆ, ಚೆನ್ನಬಸವಣ್ಣನಲ್ಲಿದೆ, ಊರೂರಿನ ಚೆನ್ನಪ್ಪಂದಿರಲ್ಲಿದೆ. ಅದೇ ಚೆನ್ನ ಅಮ್ಮನ ಜೊತೆ ಸೇರ್ಕೊಂಡು ಗಂಡ ಸೋಮಶೇಖರ ನಾಯಕ ತೀರಿದ ಮೇಲೆ 17ನೇ ಶತಮಾನದ ಕೊನೆಯಲ್ಲಿ ಸುಮಾರು 25 ವರ್ಷ ರಾಜ್ಯ ಆಳಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನ ಎದುರು ಹಾಕ್ಕೊಂಡಿದ್ದು ಇದೇ ಚೆನ್ನಮ್ಮಾಜಿ. ಬಸ್ಸಿನ ಬೋರ್ಡಿನಲ್ಲಿ ದಿನಾ ಓದೋ ಹೆಸರಿದು. ಒಳಗೆ ಒಬ್ಬ ಹೆಣ್ಣುಮಗಳಿದ್ದಾಳೆ ಅಂತ ಎಷ್ಟು ಜನಕ್ಕೆ ಹೊಳೆದಿದೆ?

ಪಕ್ಕದ ಚಿತ್ರದುರ್ಗಕ್ಕೆ ಬನ್ನಿ. ಒನಕೆ ಓಬವ್ವನ ಕಥೆ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. 'ಓಬ' ಅಂದ್ರೆ ಏನು ಅಂತ ಯಾರೂ ಕೇಳಲ್ಲ. ಅಹೋಬಲ, ಓಬಳ, ಓಬ ಹೀಗೆ ಸವೆದು ಬಂದ ಹೆಸರದು. ಓಬಣ್ಣ, ಓಬಯ್ಯ, ಓಬಳೇಶ ಎಲ್ಲ ಅದರ ಬಳಗ. ದುರ್ಗದ ಪಾಳೇಗಾರರಲ್ಲೇ ಓಬಣ್ಣ ನಾಯಕ ಅಂತ ಒಬ್ಬನಿದ್ದ. ದೊರೆಯ ಹೆಸರೂ ಕಾವಲುಗಾರನ ಹೆಂಡತಿಯ ಹೆಸರೂ ಒಂದೇ ಬೇರಿನದು. ಈಗ ಹೇಳಿ, ಇವತ್ತು ಜನರ ನಾಲಿಗೆ ಮೇಲಿರೋದು ಯಾರ ಹೆಸರು?

ಇನ್ನೂ ಹತ್ತಿರದವರು ಬೇಕಾ? ಸಾಲುಮರದ ತಿಮ್ಮಕ್ಕನ 'ತಿಮ್ಮ' ತಿರುಪತಿ ತಿಮ್ಮಪ್ಪ. 2019ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ ಅಜ್ಜಿ ಅವರು. ಬಳ್ಳಾರಿಯಿಂದ 1984, 1989, 1991ರಲ್ಲಿ ಲೋಕಸಭೆಗೆ ಗೆದ್ದವರ ಹೆಸರು ಬಸವರಾಜೇಶ್ವರಿ. ನಿಧಾನಕ್ಕೆ ಓದಿ: ಬಸವರಾಜ, ಆಮೇಲೆ ಈಶ್ವರಿ. ಪೂರ್ತಿ ಬಸವರಾಜ ಹಂಗೇ ಇದ್ದಾನೆ, ಒಂದಕ್ಷರಾನೂ ಕತ್ತರಿಸಿಲ್ಲ. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ, 'ಜಯದೇವ'ನಿಂದ ಬಂದವರು.

(3)
ಆದ್ರೆ ಇನ್ನೊಂದು ಬಗೆ ಇದೆ. ಅಲ್ಲಿ ಗಂಡು ಹೆಸರು ಪ್ರೀತಿಯಿಂದ ಬಂದದ್ದಲ್ಲ.

ಅನುಷ್ಕಾ ಶೆಟ್ಟಿ ಅವರ 2015ರ 'ರುದ್ರಮದೇವಿ' ಸಿನಿಮಾ ನೋಡಿದವರು ಕೈ ಎತ್ತಿ. ಓರುಗಲ್ಲಿನ ಕಾಕತೀಯರು ಮೊದಲು ನಮ್ಮ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದವರು. ಆ ವಂಶದ ಗಣಪತಿದೇವನಿಗೆ ಗಂಡುಮಕ್ಕಳಿರಲಿಲ್ಲ. 13ನೇ ಶತಮಾನದ ನಡುವೆ ಮಗಳು ಪಟ್ಟಕ್ಕೆ ಬಂದಾಗ ಶಾಸನಗಳಲ್ಲಿ ಅವಳು 'ರುದ್ರದೇವ ಮಹಾರಾಜ'. ಇಲ್ಲಿ ಅಮ್ಮ ಇಲ್ಲ, ದೇವಿ ಇಲ್ಲ, ಶುದ್ಧ ಪುಲ್ಲಿಂಗ. ಸಿಂಹಾಸನದ ಮೇಲೆ ಹೆಣ್ಣು ಕೂರೋದನ್ನ ಒಪ್ಪದ ಸಾಮಂತರ ಎದುರು ಅದೊಂದು ಕವಚ ಇದ್ದಂಗೆ. ಅಷ್ಟಾದ್ರೂ ಯುದ್ಧಗಳು ತಪ್ಪಲಿಲ್ಲ. ರುದ್ರಮ್ಮ ಮತ್ತು ರುದ್ರದೇವ ಎರಡೂ 'ರುದ್ರ'ನೇ, ಆದ್ರೆ ಒಂದು ಹೆಸರಲ್ಲಿ ಹೆಣ್ಣು ಕಾಣ್ತಾಳೆ, ಇನ್ನೊಂದರಲ್ಲಿ ಮುಚ್ಚಿಹೋಗ್ತಾಳೆ. ನನಗೆ ಈ ವ್ಯತ್ಯಾಸ ತುಂಬಾ ದೊಡ್ಡದು ಅನ್ಸುತ್ತೆ. 'ನಮ್ಮ ಹುಡುಗಿ ಗಂಡುಮಗನಿದ್ದಂಗೆ' ಅಂತ ಹೊಗಳ್ತಾರಲ್ಲ, ಅದು ರುದ್ರದೇವ ಮಾದರಿ. ಹೊಗಳಿಕೆ ಹುಡುಗಿಗೆ ಬಂತೋ, ಇಲ್ಲದ ಗಂಡುಮಗನಿಗೆ ಹೋಯ್ತೋ?

ಅದಕ್ಕಿಂತ ಕೆಟ್ಟದ್ದೂ ಇದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಮೇಲಿಂದ ಮೇಲೆ ಹೆಣ್ಣು ಹುಟ್ಟಿದ್ರೆ 'ನಕುಸಾ' ಅಂತ ಹೆಸರಿಡ್ತಿದ್ರು. ಅರ್ಥ 'ಬೇಡವಾದವಳು'. 2011ರ ಅಕ್ಟೋಬರಿನಲ್ಲಿ ಅಲ್ಲಿ 285 ಹುಡುಗಿಯರಿಗೆ ಹೊಸ ಹೆಸರಿಡೋ ಕಾರ್ಯಕ್ರಮ ನಡೀತು. ನಾವೇನೂ ಮೂಗು ಮುರಿಯೋ ಹಂಗಿಲ್ಲ, ನಮ್ಮಲ್ಲಿ 'ಸಾಕಮ್ಮ' ಇದ್ದಾಳೆ. ಸಾಕಿದವಳು ಅಂತಾನೂ ಅರ್ಥ ಮಾಡಬಹುದು, 'ಹೆಣ್ಣು ಇನ್ನು ಸಾಕು' ಅಂತಾನೂ ಮಾಡಬಹುದು. (ಬಿಕಾಂನವರಿಗೆ ಒಂದು ಉಪಕಥೆ: ಹೋದ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಲ್ಲಿ ಕಾಫಿಪುಡಿ ವ್ಯಾಪಾರ ಕಟ್ಟಿ, ಮೈಸೂರು ಪ್ರಜಾಪ್ರತಿನಿಧಿ ಸಭೆಗೂ ಹೋದ ಹೆಂಗಸಿನ ಹೆಸರು ಸಾಕಮ್ಮ. ಜನ 'ಕಾಫಿಪುಡಿ ಸಾಕಮ್ಮ' ಅಂತಲೇ ಕರೀತಿದ್ರು. ನಮ್ಮ ಎಂಟರ್‌ಪ್ರೆನ್ಯೂರ್‌ಶಿಪ್ ಪಾಠದಲ್ಲಿ ಇವರ ಬಗ್ಗೆ ಒಂದು ಸಾಲೂ ಇಲ್ಲ.)

(4)
ಉಲ್ಟಾನೂ ನಡೆಯುತ್ತೆ, ಚಿಕ್ಕದಾಗಿ ಹೇಳಿಬಿಡ್ತೀನಿ. ದಾವಣಗೆರೆ ದುಗ್ಗಮ್ಮನ ಜಾತ್ರೆಗೆ ಎಲ್ಲರೂ ಹೋಗಿದ್ದೀರಿ. ಆ ದುಗ್ಗಮ್ಮನ ಹೆಸರನ್ನ ಹೊತ್ಕೊಂಡು ಓಡಾಡೋ ದುಗ್ಗಪ್ಪ, ದುರುಗಪ್ಪ ನಿಮ್ಮ ಕ್ಲಾಸಲ್ಲೂ ಇರ್ತಾರೆ. ಯಲ್ಲಮ್ಮನಿಂದ ಯಲ್ಲಪ್ಪ, ಗಂಗಮ್ಮನಿಂದ ಗಂಗಪ್ಪ. ದೇವಿಯ ಹೆಸರಿಟ್ರು ಅಂತ ಯಾವ ಗಂಡಸೂ ನಾಚ್ಕೊಂಡಿದ್ದು ನಾನಂತೂ ನೋಡಿಲ್ಲ. ಇಂಗ್ಲಿಷಿನವರ ಕಥೆ ಹೀಗಲ್ಲ. ಆಶ್ಲಿ, ಲೆಸ್ಲಿ, ಬೆವರ್ಲಿ ಎಲ್ಲ ಮೊದಲು ಗಂಡು ಹೆಸರುಗಳೇ. 'ಗಾನ್ ವಿತ್ ದ ವಿಂಡ್' ಸಿನಿಮಾದ ಆಶ್ಲಿ ಒಬ್ಬ ಗಂಡಸು. ಹುಡುಗಿಯರಿಗೆ ಆ ಹೆಸರು ಇಡೋದು ಜಾಸ್ತಿ ಆದಮೇಲೆ ಗಂಡುಮಕ್ಕಳ ಅಪ್ಪ ಅಮ್ಮಂದಿರು ಅದನ್ನ ಕೈಬಿಡ್ತಾ ಬಂದ್ರು. ಹೆಣ್ಣು ಮುಟ್ಟಿದ ಹೆಸರು ಗಂಡಿಗೆ ಮೈಲಿಗೆ ಅನ್ನೋ ಥರ.

ಟೇಲರ್ ಸ್ವಿಫ್ಟ್ ಫ್ಯಾನ್‌ಗಳಿಗೆ ಇದು ಗೊತ್ತಿರುತ್ತೆ: ಅವಳ ಹೆಸರು ಜೇಮ್ಸ್ ಟೇಲರ್ ಅನ್ನೋ ಗಾಯಕನದ್ದು.

(5)
ಹಾಗಾದ್ರೆ ನಮ್ಮ ಪೀಳಿಗೆಯಲ್ಲಿ ಏನಾಯ್ತು? ಅಪ್ಪ, ಅಮ್ಮ ಎರಡನ್ನೂ 'ಹಳ್ಳಿ ಹೆಸರು' ಅಂತ ಕಿತ್ತು ಹಾಕಿದ್ವಿ. ಹೆಣ್ಣೋ ಗಂಡೋ ಹೇಳೋ ಪದವೇ ಹೋದಮೇಲೆ ಆ ಭಾರ ಮೂಲದ ಮೇಲೆ ಬಿತ್ತು. ಈಗ ಗಂಡಿನ ಹೆಸರುಗಳದ್ದೇ ಒಂದು ಪಟ್ಟಿ, ಹೆಣ್ಣಿಂದೇ ಇನ್ನೊಂದು ಪಟ್ಟಿ. ಬಸಮ್ಮಜ್ಜಿಗೆ ಬಸವಣ್ಣನ ಜೊತೆ ಇದ್ದ ನಂಟು ನಮ್ಮ ಕ್ಲಾಸಿನ ಹುಡುಗಿಯರ ಹೆಸರಿಗೆ ಇಲ್ಲ. ಎರಡೂ ಪಟ್ಟಿಯಲ್ಲಿ ಉಳಿದಿರೋದು ಕಿರಣ, ಶಶಿ ಥರದ ಕೆಲವು ಮಾತ್ರ.

ಆ ಕಿರಣ್ ಹೆಸರೇ ಜರ್ಮನಿಯಲ್ಲಿ ಕೋರ್ಟಿಗೆ ಹೋಗಿತ್ತು. ಭಾರತದ ನಂಟಿರೋ ಒಂದು ಕುಟುಂಬ ಮಗಳಿಗೆ ಕಿರಣ್ ಅಂತ ಹೆಸರಿಟ್ಟಾಗ, ಹೆಸರು ನೋಡಿದ್ರೆ ಹೆಣ್ಣೋ ಗಂಡೋ ಗೊತ್ತಾಗಲ್ಲ ಅಂತ ನೋಂದಣಿ ಕಚೇರಿ ಒಪ್ಪಲಿಲ್ಲ. 2008ರ ಡಿಸೆಂಬರಿನಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟು ತಂದೆತಾಯಿ ಪರ ತೀರ್ಪು ಕೊಡ್ತು. ಬೆಂಗಳೂರಲ್ಲಿ ಅದೇ ಹೆಸರಿನ ಕಿರಣ್ ಮಜುಂದಾರ್ ಷಾ 1978ರಲ್ಲೇ ಬಯೋಕಾನ್ ಶುರು ಮಾಡಿ ಆಗಿತ್ತು!

(6)
ಈಗ ಇದನ್ನೆಲ್ಲ ಯಾಕೆ ಬರೀತಿದ್ದೀನಿ ಅಂತ ಹೇಳ್ತೀನಿ. ನಮ್ಮಕ್ಕನಿಗೆ ಹೆಣ್ಣುಮಗು ಆಗಿದೆ. ನಮ್ಮಜ್ಜ ತೀರಿ ಎರಡು ವರ್ಷ. ಗಂಡಾಗಿದ್ರೆ ಅಜ್ಜನ ಹೆಸರು ಅಂತ ಮೊದಲೇ ಮಾತಾಗಿತ್ತು. ಹೆಣ್ಣು ಅಂತ ಗೊತ್ತಾದ ಕೂಡಲೇ ಆ ಮಾತು ನಿಂತೇಹೋಯ್ತು. ಅಜ್ಜನ ಹೆಸರಿಗೆ ಅಮ್ಮ ಸೇರಿಸೋಣ ಅಂತ ನಾನಂದೆ. 'ಸ್ಕೂಲಲ್ಲಿ ಮಕ್ಕಳು ಆಡ್ಕೊಂಡು ನಗ್ತಾವೆ ಕಣೇ' ಅಂತಾಳೆ ಅಕ್ಕ. ಅವಳ ಭಯ ಸುಳ್ಳಲ್ಲ. ಅಜ್ಜಿ ಮಾತ್ರ ಒಂದೇ ಮಾತಂದ್ರು: 'ನಮ್ಮಪ್ಪಂದೂ ನನ್ನದೂ ಒಂದೇ ಹೆಸರಲ್ಲೇನವ್ವ, ನನಗೇನಾತು?'

ಅಜ್ಜಿ ಹೇಳಿದ್ದು ನಿಜ, ಅವರ ಹೆಸರು ಅಪ್ಪನದ್ದೇ ಮನೆದೇವರದ್ದು. ಆದ್ರೆ ಹೊಲದ ಪಹಣಿಯಲ್ಲಿ ಆ ಹೆಸರು 'ಅಪ್ಪ'ದಿಂದ ಅಣ್ಣತಮ್ಮಂದಿರ ಕಡೆ ಹೋಯ್ತು, 'ಅಮ್ಮ'ದ ಕಡೆ ಬರಲೇ ಇಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಕರ್ನಾಟಕ ತಿದ್ದುಪಡಿ ತಂದಿದ್ದು 1994ರಲ್ಲಿ, ಅದೂ ಅಷ್ಟೊತ್ತಿಗೆ ಮದುವೆ ಆಗಿದ್ದವರನ್ನ ಬಿಟ್ಟು. ದೇಶಕ್ಕೆಲ್ಲ ಬಂದಿದ್ದು 2005ರಲ್ಲಿ. ಹೆಸರು ಹಂಚೋಕೆ ಎಂಟು ನೂರು ವರ್ಷದಿಂದ ಕಷ್ಟ ಆಗದ ಮನೆಗಳಿಗೆ ಎಕರೆ ಹಂಚೋಕೆ ಕಾನೂನು ಬೇಕಾಯ್ತು. ಅದಕ್ಕೇ ನಾನು ಅಕ್ಕನಿಗೆ ಹೇಳಿದ್ದು: ಅಜ್ಜನ ಹೆಸರಿಡು, ಜೊತೆಗೆ ಅಡಿಕೆ ತೋಟದ ಪಾಲಿನ ಮಾತನ್ನೂ ಈಗಲೇ ಆಡು. ಅಕ್ಕ ನಕ್ಕಳು, ನಮ್ಮಪ್ಪ ನಗಲಿಲ್ಲ.

ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತೆ, 12 ತಿಂಗಳೊಳಗೆ ಶುಲ್ಕ ಇಲ್ಲದೆ ಹೆಸರು ಸೇರಿಸಬಹುದು. ಇದು ನಿಮ್ಮ ಮನೆಯವರಿಗೂ ಗೊತ್ತಿರಲಿ. ತೊಟ್ಟಿಲ ಶಾಸ್ತ್ರ ಶ್ರಾವಣದಲ್ಲಿ. ಅಲ್ಲಿವರೆಗೂ ಜಗಳ ನಡೆಯುತ್ತೆ. ನಿಮ್ಮಜ್ಜಿ ಹೆಸರು, ಅದರ 'ಅಪ್ಪ' ಜೋಡಿ ಎರಡನ್ನೂ ಕೆಳಗೆ ಬರೀರಿ, ನಮ್ಮಕ್ಕನಿಗೆ ತೋರಿಸ್ಬೇಕು.

#ತ್ಯಾವಣಿಗೆ #ಚನ್ನಗಿರಿ #ಅಜ್ಜಿಹೆಸರು