ಕೆಟ್ಟ ತೂಬು ಮುಚ್ಚಿದ ಮಾತ್ರೆಯ ಕಥೆ

ನಮ್ಮ ಕಿರಂಗೂರು ಕಡೆ ಯಾರಿಗಾದರೂ ಕ್ಯಾನ್ಸರ್ ಎಂದರೆ ಮೊದಲು ಬಾಯಿಗೆ ಬರುವುದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಅದು ಶುರುವಾದದ್ದು 1973ರಲ್ಲಿ. ಅದೇ ವರ್ಷ ಅಮೆರಿಕದ ಷಿಕಾಗೊದಲ್ಲಿ ಜಾನೆಟ್ ರೌಲಿ ಎಂಬ ವೈದ್ಯೆ ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್‌ನ ಗುಟ್ಟು ಬಿಡಿಸಿದರು.

ಈ ರೋಗ ಬಂದವರ ರಕ್ತಕಣಗಳಲ್ಲಿ ಒಂದು ಕ್ರೋಮೋಸೋಮ್ ಗಿಡ್ಡವಾಗಿರುವುದನ್ನು 1960ರಲ್ಲೇ ಫಿಲಡೆಲ್ಫಿಯಾದ ಇಬ್ಬರು ನೋಡಿದ್ದರು. ಯಾಕೆ ಎಂದು ತಿಳಿದಿರಲಿಲ್ಲ. 9ನೇ ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡಾಗಿ, ತುಂಡುಗಳು ಅದಲುಬದಲಾಗಿ ಅಂಟಿಕೊಂಡಿವೆ ಎಂದು ರೌಲಿ ತೋರಿಸಿದರು. ಹಾಗೆ ಅಂಟಿದ ಜಾಗದಲ್ಲಿ ಒಂದು ಕೆಟ್ಟ ಕಿಣ್ವ ತಯಾರಾಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ನಾಲೆಯ ತೂಬನ್ನು ನೆನೆಸಿಕೊಳ್ಳಿ. ಬೇಕಾದಾಗ ತೆರೆಯಬೇಕು, ಸಾಕಾದಾಗ ಮುಚ್ಚಬೇಕು. ಜೀವಕೋಶಕ್ಕೆ 'ಬೆಳೆ, ಎರಡಾಗು' ಎಂದು ಸಂದೇಶ ದಾಟಿಸುವ ಕಿಣ್ವದ ಕೆಲಸವೂ ಹೀಗೇ. ಸಿಎಂಎಲ್‌ನಲ್ಲಿ ತೂಬು ತೆರೆದೇ ಸಿಕ್ಕಿಕೊಳ್ಳುತ್ತದೆ. ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ, ಗುಲ್ಮ ಊದಿಕೊಳ್ಳುತ್ತದೆ.

ಹಳೆಯ ಕೀಮೋ ಔಷಧಿಗಳು ಬೆಳೆ ಕಳೆ ಎರಡನ್ನೂ ಸುಡುತ್ತಿದ್ದವು. ಹೊಸ ಯೋಚನೆ ಬೇರೆ. ಈ ಕಿಣ್ವ ಕೆಲಸ ಮಾಡಲು ಎಟಿಪಿ ಎಂಬ ಶಕ್ತಿಕಣ ಬಂದು ಒಂದು ಗುಂಡಿಯಲ್ಲಿ ಕೂರಬೇಕು. ಆ ಗುಂಡಿಯಲ್ಲಿ ಔಷಧಿಯೇ ಮೊದಲು ಕೂತರೆ? ಸ್ವಿಸ್ ಕಂಪನಿಯೊಂದರ ವಿಜ್ಞಾನಿಗಳು ಅಂಥ ಔಷಧಿ ಮಾಡಿದರು. ಹೆಸರು ಇಮಾಟಿನಿಬ್. ಅಮೆರಿಕದ ವೈದ್ಯ ಬ್ರಯಾನ್ ಡ್ರುಕರ್ ಪಟ್ಟುಹಿಡಿದು 1998ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಶುರುಮಾಡಿದರು. ಸಾಕಷ್ಟು ಪ್ರಮಾಣದಲ್ಲಿ ಮಾತ್ರೆ ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಹೋಯಿತು. 2001ರ ಮೇ ತಿಂಗಳಲ್ಲಿ ಅಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು.

ಆದರೆ ನೋವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ! ಗದ್ದೆ ಮಾರಿದರೂ ಎಷ್ಟು ತಿಂಗಳು ಬಂದೀತು? ನಮ್ಮ ದೇಶದ ಕಂಪನಿಗಳು ಅದೇ ಔಷಧಿಯನ್ನು ಸುಮಾರು 8ರಿಂದ 10 ಸಾವಿರಕ್ಕೆ ಕೊಡುತ್ತಿದ್ದವು. ನೋವಾರ್ಟಿಸ್ ಬಹಳ ಮಂದಿಗೆ ಉಚಿತವಾಗಿ ಕೊಟ್ಟಿದ್ದೂ ನಿಜ, ಅದನ್ನು ಮರೆಮಾಚಬಾರದು. ಆದರೆ 2003ರಲ್ಲಿ ಅದಕ್ಕೆ ಭಾರತದಲ್ಲಿ ಮಾರಾಟದ ಏಕಸ್ವಾಮ್ಯ ಸಿಕ್ಕಾಗ ಹಲವು ದೇಶೀ ಕಂಪನಿಗಳಿಗೆ ತಡೆ ಬಿತ್ತು. ದಾನ ಕೊಡುವವರ ಇಷ್ಟ, ಅಗ್ಗದ ಮಾತ್ರೆ ಅಂಗಡಿಯಲ್ಲಿದ್ದರೆ ಯಾರನ್ನೂ ಬೇಡಬೇಕಿಲ್ಲ.

2006ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿ ತಿರಸ್ಕರಿಸಿತು. ಹಳೆಯ ಔಷಧಿಯ ರೂಪ ಸ್ವಲ್ಪ ಬದಲಿಸಿದರೆ ಸಾಲದು, ಗುಣ ಹೆಚ್ಚಿರಬೇಕು ಎನ್ನುತ್ತದೆ ನಮ್ಮ ಕಾಯ್ದೆಯ 3(ಡಿ) ಕಲಂ. ಮುಂಬೈನ ಕ್ಯಾನ್ಸರ್ ರೋಗಿಗಳ ಸಂಘವೂ ಈ ಹೋರಾಟದಲ್ಲಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕೂಡ ಕಂಪನಿಗೆ ಪೇಟೆಂಟ್ ಇಲ್ಲ ಎಂದಿತು.

ಒಂದು ಮಾತು. ಈ ಮಾತ್ರೆ ತೂಬನ್ನು ಒತ್ತಿ ಹಿಡಿಯುತ್ತದೆ, ಕೆಟ್ಟ ಕಣಗಳನ್ನು ಬೇರುಸಹಿತ ಕೀಳುವುದು ಅಪರೂಪ. ಮೈ ಹಗುರಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ರೋಗ ಮರಳಬಹುದು. ಕೆಲವರಲ್ಲಿ ಕಿಣ್ವದ ಗುಂಡಿಯ ಆಕಾರವೇ ಬದಲಾಗಿ ಮಾತ್ರೆ ನಾಟುವುದಿಲ್ಲ. ಅಂಥವರಿಗೆಂದೇ ಡಾಸಾಟಿನಿಬ್, ನೈಲೋಟಿನಿಬ್ ಎಂಬ ಮುಂದಿನ ಮಾತ್ರೆಗಳು ಬಂದಿವೆ.