ದಿಗ್ಬಂಧನ ಯಾರಿಗೆ?

ಮಂತ್ರವಾದದಲ್ಲಿ ದಿಗ್ಬಂಧನವೆಂದರೆ ರಕ್ಷಣೆ. ಎಂಟೂ ದಿಕ್ಕುಗಳನ್ನು ಮಂತ್ರದಿಂದ ಕಟ್ಟಿ, ಹೊರಗಿನ ಕೇಡು ಒಳಗೆ ಸುಳಿಯದಂತೆ ಕಾಯುವುದು. ಪತ್ರಿಕೆಗಳ ವಿದೇಶ ಸುದ್ದಿಯಲ್ಲಿ ಅದೇ ಪದ ತಿರುವುಮುರುವಾಗಿದೆ. ‘ಆರ್ಥಿಕ ದಿಗ್ಬಂಧನ’ ಎಂದಾಗ ಕೋಟೆಯ ಒಳಗಿದ್ದವರೇ ದಣಿಯಬೇಕು, ದಣಿದು ಮಣಿಯಬೇಕು.

ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿ, ಸೇನಾಬಲ ಬಳಸದೆಯೇ ಒಂದು ದೇಶದ ವ್ಯಾಪಾರ, ಸಾರಿಗೆ, ರಾಜತಾಂತ್ರಿಕ ಸಂಬಂಧಗಳನ್ನು ಕಡಿಯಲು ಭದ್ರತಾ ಮಂಡಳಿಗೆ ಅಧಿಕಾರ ಕೊಟ್ಟಿದೆ. ಯುದ್ಧಕ್ಕಿಂತ ಇದು ಮೇಲು, ನಿಜ. ಆದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನು ನೋಡಲೇಬೇಕು.

2023ರ ಜುಲೈ 26ರಂದು ನೈಜರ್‌ನಲ್ಲಿ ಸೈನಿಕರು ಚುನಾಯಿತ ಅಧ್ಯಕ್ಷ ಮೊಹಮದ್ ಬಝೂಮ್ ಅವರನ್ನು ಸೆರೆಯಲ್ಲಿಟ್ಟು ಅಧಿಕಾರ ಕಸಿದರು. ನಾಲ್ಕೇ ದಿನಗಳಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಇಕೋವಾಸ್ ಗಡಿ ಮುಚ್ಚಿಸಿ, ಹಣಕಾಸು ವ್ಯವಹಾರ ತಡೆಯಿತು. ನೈಜೀರಿಯಾ ವಿದ್ಯುತ್ ನಿಲ್ಲಿಸಿತು. ಕಡಲಿಲ್ಲದ ನೈಜರ್‌ಗೆ ಬೆನಿನ್‌ನ ಕೊಟೊನು ಬಂದರೇ ಮುಖ್ಯ ಹೆಬ್ಬಾಗಿಲು; ಆ ದಾರಿಯಲ್ಲಿ ಲಾರಿಗಳು ಸಾಲುಗಟ್ಟಿದವು. ಅಕ್ಕಿ ತುಟ್ಟಿಯಾಯಿತು, ಔಷಧಕ್ಕೆ ಕೊರತೆ ಬಂತು. ಸೇನಾಧಿಕಾರಿಗಳು ಮಾತ್ರ ಕದಲಲಿಲ್ಲ. 2024ರ ಫೆಬ್ರವರಿಯಲ್ಲಿ ಮಾನವೀಯ ಕಾರಣ ಮುಂದಿಟ್ಟು ಇಕೋವಾಸ್ ಬಹುಪಾಲು ನಿರ್ಬಂಧಗಳನ್ನು ಹಿಂತೆಗೆದುಕೊಂಡಾಗಲೂ ಬಝೂಮ್ ಸೆರೆಯಲ್ಲೇ ಇದ್ದರು. ಅಷ್ಟರೊಳಗೆ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಒಕ್ಕೂಟ ತೊರೆಯುವುದಾಗಿ ಸಾರಿದ್ದವು.

ಹಾಗೆಂದು ನಿರ್ಬಂಧವೇ ತಪ್ಪೆನ್ನಲಾಗದು. ವರ್ಣಭೇದದ ದಕ್ಷಿಣ ಆಫ್ರಿಕಾದ ಸರಕು ಕೊಳ್ಳಬೇಡಿ ಎಂದು 1959ರಲ್ಲಿ ಹೊರಜಗತ್ತಿಗೆ ಕರೆಕೊಟ್ಟವರಲ್ಲಿ ಆ ನೆಲದ ನಾಯಕ ಆಲ್ಬರ್ಟ್ ಲುಥುಲಿಯೂ ಒಬ್ಬರು. ಆ ಸರ್ಕಾರ ಹೇರಿದ ನಿರ್ಬಂಧದಿಂದ ಸ್ವತಃ ಲುಥುಲಿ ತಮ್ಮ ಊರಿನ ಎಲ್ಲೆ ದಾಟುವಂತಿರಲಿಲ್ಲ. ಭಾರತವಂತೂ 1946ರಲ್ಲೇ ದಕ್ಷಿಣ ಆಫ್ರಿಕಾದೊಡನೆ ವ್ಯಾಪಾರ ನಿಲ್ಲಿಸಿತ್ತು. 1977ರಲ್ಲಿ ಭದ್ರತಾ ಮಂಡಳಿ ಕಡ್ಡಾಯಗೊಳಿಸಿದ ತಡೆ ಶಸ್ತ್ರಾಸ್ತ್ರಗಳ ಮೇಲಿತ್ತು, ಅನ್ನದ ಮೇಲಲ್ಲ.

ಆದ್ದರಿಂದ ‘ದಿಗ್ಬಂಧನ’ ಎಂಬ ಶೀರ್ಷಿಕೆ ಕಂಡಾಗೆಲ್ಲ ಎರಡು ಪ್ರಶ್ನೆ ಕೇಳೋಣ: ತಡೆದದ್ದು ಏನನ್ನು? ಕೇಳಿಕೊಂಡವರು ಯಾರು? ಬಂದೂಕು ತಡೆಯಲಿ, ದಂಗೆಕೋರರ ಬ್ಯಾಂಕ್ ಖಾತೆ, ವಿದೇಶ ಪ್ರಯಾಣ ತಡೆಯಲಿ, ನಾನು ಬೆಂಬಲಿಸುತ್ತೇನೆ. ಔಷಧದ ಲಾರಿಗೆ ದಾರಿ ಬಿಡದ ನಿರ್ಬಂಧವನ್ನು ಪ್ರಜಾಪ್ರಭುತ್ವದ ರಕ್ಷಣೆ ಎಂದು ಕರೆಯಲು ಮಾತ್ರ ಒಪ್ಪಲಾರೆ.