ರೂಪಾಯಿಗೆ ಎಷ್ಟು ಹೊಗೆ?

ಚಳ್ಳಕೆರೆ ಎಣ್ಣೆಗೆ ಹೆಸರಾದ ಊರು. ಮೊಳಕಾಲ್ಮೂರು ರೇಷ್ಮೆ ಸೀರೆಗೆ. ಇದು ತಮಗೆಲ್ಲ ತಿಳಿದ ಸಂಗತಿಯೇ. ಈ ಎರಡು ಕಸುಬುಗಳನ್ನು ಮುಂದಿಟ್ಟುಕೊಂಡರೆ, ರಾಷ್ಟ್ರಗಳ ಸಭೆಗಳಲ್ಲಿ ಇಂದು ಚರ್ಚೆಯಾಗುವ ಒಂದು ಲೆಕ್ಕ ಸುಲಭವಾಗಿ ತಿಳಿಯುತ್ತದೆ. ದೇಶವೊಂದು ಒಂದು ರೂಪಾಯಿಯಷ್ಟು ಉತ್ಪಾದನೆ ಮಾಡುವಾಗ ಎಷ್ಟು ಇಂಗಾಲಾಮ್ಲ ವಾಯುವನ್ನು ಗಾಳಿಗೆ ಬಿಡುತ್ತದೆ ಎಂಬುದೇ ಆ ಲೆಕ್ಕ. ಮಾತಿನ ಅನುಕೂಲಕ್ಕಾಗಿ ಅದನ್ನು ಹೊಗೆಯೆಂದೇ ಕರೆಯೋಣ. ಈ ಪ್ರಮಾಣ ಏರಿಳಿಯುವುದಕ್ಕೆ ಮುಖ್ಯ ಕಾರಣಗಳು ಮೂರು.

ಮೊದಲನೆಯದು ಇಂಧನದ ಜಾತಿ. ಎತ್ತಿನ ಗಾಣಕ್ಕೆ ಕಲ್ಲಿದ್ದಲು ಬೇಕಿರಲಿಲ್ಲ. ಮುಂದೆ ಗಿರಣಿಗಳಿಗೆ ವಿದ್ಯುತ್ತಿನ ಮೋಟಾರು ಬಂದಿತು. ಮೋಟಾರು ತಾನಾಗಿ ಹೊಗೆಯುಗುಳದು. ವಿದ್ಯುತ್ತು ಹುಟ್ಟಿದ್ದೆಲ್ಲಿ ಎಂಬುದನ್ನು ನೋಡಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಕಾವೇರಿಯ ಶಕ್ತಿ. 1948ರಲ್ಲಿ ಜೋಗದ ಕೇಂದ್ರ, ಅರವತ್ತರ ದಶಕದಲ್ಲಿ ಶರಾವತಿ ಯೋಜನೆ, ಇವೂ ನೀರಿನವೇ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯತೊಡಗಿತು. ಮೋಟಾರು ಅದೇ, ಎಣ್ಣೆ ಅದೇ. ಅದರ ಹಿಂದಿನ ಹೊಗೆ ಮಾತ್ರ ಹೆಚ್ಚಿತು. ಈಚೆಗೆ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ನೆರೆಯ ಪಾವಗಡದಲ್ಲಿ 2050 ಮೆಗಾವಾಟ್ ಶಕ್ತಿಯ ಸೌರ ಸ್ಥಾವರವಿದೆ. ಇವು ಲೆಕ್ಕವನ್ನು ಮತ್ತೆ ಕೆಳಕ್ಕೆಳೆಯುತ್ತವೆ.

ಎರಡನೆಯದು ಯಂತ್ರದ ಮಿತವ್ಯಯ: ಒಂದು ಡಬ್ಬ ಎಣ್ಣೆ ತೆಗೆಯಲು ಮೊದಲಿಗಿಂತ ಕಡಿಮೆ ವಿದ್ಯುತ್ತು ಸಾಕಾಗುವುದು.

ಮೂರನೆಯದು ಕಸುಬುಗಳ ಪಾಲು. ಮೊಳಕಾಲ್ಮೂರಿನ ಕೈಮಗ್ಗ ನಡೆಯುವುದು ನೇಕಾರನ ಕೈಕಾಲುಗಳ ಬಲದಿಂದ. ಸೀರೆಯ ಬೆಲೆ ಹೆಚ್ಚು, ನೇಯ್ಗೆಗೆ ಸುಡುವ ಇಂಧನ ಅತ್ಯಲ್ಪ. ಸಿಮೆಂಟು, ಉಕ್ಕುಗಳ ರೀತಿ ಬೇರೆ. ದೇಶದ ಗಳಿಕೆಯಲ್ಲಿ ಯಾವುದರ ಪಾಲು ಬೆಳೆಯಿತೋ, ಲೆಕ್ಕವೂ ಅತ್ತ ವಾಲುತ್ತದೆ.

2005ರಿಂದ 2020ರ ವರೆಗೆ ಭಾರತದ ಈ ಪ್ರಮಾಣ ಶೇಕಡ 36ರಷ್ಟು ಇಳಿಯಿತೆಂದು ಸರ್ಕಾರ ವಿಶ್ವಸಂಸ್ಥೆಗೆ ವರದಿ ಮಾಡಿದೆ. 2030ಕ್ಕೆ ಶೇಕಡ 45ರಷ್ಟು ಇಳಿಸುವುದು ಗುರಿ. ಆದರೆ 2020ರಲ್ಲಿಯೂ ನಮ್ಮ ವಿದ್ಯುತ್ತಿನ ಸುಮಾರು ಶೇಕಡ 70 ಭಾಗ ಕಲ್ಲಿದ್ದಲಿನದೇ ಆಗಿತ್ತು. ಆದ್ದರಿಂದ ಆ ಇಳಿತದ ಹೆಚ್ಚಿನ ಭಾಗವನ್ನು ಎರಡನೆಯ ಮತ್ತು ಮೂರನೆಯ ಕಾರಣಗಳ ಖಾತೆಗೇ ಬರೆಯಬೇಕು. ಉತ್ಪಾದನೆ ಇನ್ನೂ ವೇಗವಾಗಿ ಬೆಳೆದುದರಿಂದ ಒಟ್ಟು ಹೊಗೆಯೇನೋ ಹೆಚ್ಚಿಯೇ ಇದೆ.

ಇನ್ನೊಂದು ಮಾತು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು; ಚಳ್ಳಕೆರೆಯ ಅನೇಕ ಗಿರಣಿಗಳು ಕಾಲಕ್ರಮದಲ್ಲಿ ನಿಂತವು. ನಿಂತ ಗಿರಣಿಗೆ ಹೊಗೆಯಿಲ್ಲ, ಕೂಲಿಯೂ ಇಲ್ಲ. ನಮ್ಮ ಬಾಣಲೆಗೆ ಬೀಳುವ ಎಣ್ಣೆಯ ಹೊಗೆ ಮಲಯ, ಇಂಡೋನೇಷ್ಯಗಳ ಲೆಕ್ಕಕ್ಕೆ ಸೇರುತ್ತದೆ. ಗಾಳಿಯಂತ್ರ ತಿರುಗಿದ್ದರಿಂದಲೂ ಅಂಕಿ ಇಳಿಯಬಹುದು, ಗಿರಣಿಗೆ ಬೀಗ ಬಿದ್ದುದರಿಂದಲೂ ಇಳಿಯಬಹುದು. ಮುಂದಿನ ಸಲ ಇಂಥ ವಾರ್ತೆ ಕಿವಿಗೆ ಬಿದ್ದಾಗ, ಎಷ್ಟು ಇಳಿಯಿತೆಂಬುದರ ಜೊತೆಗೆ ಏತರಿಂದ ಇಳಿಯಿತೆಂಬುದನ್ನೂ ತಾವು ವಿಚಾರಿಸಬೇಕು.